ಹರ್ಡಲ್ ಕಾಲಿನೊಳಗೆ ಬಚ್ಚಿಟ್ಟ ಮೂರಿಂಚು

ಆ ಹುಡುಗಿಯನ್ನು ಕಂಡುಹಿಡಿದವನು ನಾನು. ಇವತ್ತು ಅವಳ ಎದೆಯ ಮೇಲೆ ದೇಶದ ಹೆಸರಿದೆ, ಅವಳಿಗೆ ಓಡಲು ಕಲಿಸಿದ್ದು ನಾವೇ ಎಂದು ಹೇಳಿಕೊಳ್ಳುವವರು ಹೊಸೂರಿನಿಂದ ಕೃಷ್ಣಗಿರಿಯವರೆಗೆ ಸಾಲುಗಟ್ಟಿ ನಿಂತಿದ್ದಾರೆ. ನಿಲ್ಲಲಿ ಪಾಪ. ಆದರೆ ಅವಳನ್ನು ಮೊಟ್ಟಮೊದಲು ಓಡಿಸಿದ್ದು ಒಂದು ಆನೆ. ಆ ಆನೆ ನಾನು.

ನಮ್ಮೂರು ತಮಿಳುನಾಡಿಗೆ ಸೇರಿದ ಸಾನಮಾವು ಕಾಡಿನ ಅಂಚಿನಲ್ಲಿದೆ. ರಸ್ತೆಗೆ ಮುಖ ಮಾಡಿಕೊಂಡು ನನ್ನ ವೆಲ್ಡಿಂಗ್ ಶಾಪು. ಹರೆಯದಲ್ಲಿ ಜೂಜುವಾಡಿಯಲ್ಲಿ ಲಾರಿಗಳ ಬಾಡಿಗಳಿಗೆ ಬೆಸುಗೆ ಹಾಕಿ ಕೈ ಪಳಗಿಸಿ, ಆಮೇಲೆ ಊರಿಗೆ ಬಂದು ಗೇಟು, ಗ್ರಿಲ್ಲು ಮಾಡುತ್ತ ಕೂತವನು. ನಾನು ಮಾಡಿದ ಗೇಟು ಇಲ್ಲಿಯತನಕ ಒಂದೂ ಜೋತುಬಿದ್ದಿಲ್ಲ. ನನ್ನ ಅಳತೆ ನೂಲಿನಷ್ಟೂ ತಪ್ಪುವುದಿಲ್ಲ. ಇದನ್ನು ನಾನಾಗಿ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವವರೆಗೆ ಕಾಯುವಷ್ಟು ಆಯುಸ್ಸು ಯಾರಿಗಿದೆ? ಅಳತೆಯಷ್ಟೇ ಹೆಸರುವಾಸಿಯಾದದ್ದು ನನ್ನ ಕೀಟಲೆ. ಗೆಳೆಯನ ಸೈಕಲ್ಲನ್ನು ಅದರ ಸ್ಟ್ಯಾಂಡಿಗೇ ಬೆಸೆದಿದ್ದೇನೆ. ಟೀ ಅಂಗಡಿಯವನ ಆರು ಚಮಚಗಳನ್ನು ಒಂದಕ್ಕೊಂದು ಅಂಟಿಸಿ, ಏನೂ ಅರಿಯದವನ ಹಾಗೆ ಅವನ ಮುಂದೆಯೇ ಟೀ ಕುಡಿದಿದ್ದೇನೆ.

ಶಾಪಿನ ಹಿಂದಿನ ಎರಡು ಕೋಣೆಗಳಲ್ಲಿ ಕರ್ನಾಟಕದ ಕಡೆಯಿಂದ ಬಂದ ಒಂದು ಸಂಸಾರ ಬಾಡಿಗೆಗಿತ್ತು. ಗಂಡ ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಕೆಲಸ, ಹೆಂಡತಿ ಹೂವಿನ ತೋಟಕ್ಕೆ ಕೂಲಿ. ಅವರ ಒಬ್ಬಳೇ ಮಗಳು ಆಗ ಏಳನೇ ತರಗತಿ. ಕಡ್ಡಿಯಂಥ ಕೈಕಾಲು, ಬಾಯಿ ಮಾತ್ರ ಉದ್ದ. ಒಂದು ದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ತೋಟದ ಕಾಲುದಾರಿಯಲ್ಲಿ ಬರುತ್ತಿದ್ದಳು. ನನ್ನ ಕೈಯಲ್ಲಿ ನಾಲ್ಕಿಂಚಿನ ಪೈಪಿತ್ತು. ಅಂಥ ಪೈಪಿಗೆ ಬಾಯಿಟ್ಟು ಹೊಟ್ಟೆಯಿಂದ ಊದಿದರೆ ಆನೆ ಘೀಳಿಟ್ಟ ಹಾಗೆಯೇ ಕೇಳಿಸುತ್ತದೆ. ಪೊದೆಯ ಹಿಂದೆ ಕೂತು ಊದಿದೆ.

ಹುಡುಗಿ ಕಿರುಚಲಿಲ್ಲ. ತಿರುಗಿದಳು, ಓಡಿದಳು. ಎದುರಿಗೆ ನನ್ನ ಎದೆಮಟ್ಟದ ಕಲ್ಲುಚಪ್ಪಡಿಯ ಬೇಲಿ. ಅಲ್ಲಿ ನಿಲ್ಲುತ್ತಾಳೆ, ಅಳುತ್ತಾಳೆ, ನಾನು ಎದ್ದು ನಗುತ್ತೇನೆ ಎಂದುಕೊಂಡಿದ್ದೆ. ಅವಳು ನಿಲ್ಲಲೇ ಇಲ್ಲ. ಓಟದ ಲಯ ಕೆಡದೆ ಒಂದು ಕಾಲು ಮುಂದೆ ಚಾಚಿತು, ಇನ್ನೊಂದು ಪಕ್ಕಕ್ಕೆ ಮಡಚಿಕೊಂಡಿತು, ಬೇಲಿಯ ಆ ಕಡೆ ಹಾಗೆಯೇ ಓಡುತ್ತಿದ್ದಳು. ಕ್ಯಾನಿನಿಂದ ಒಂದು ತೊಟ್ಟು ಹಾಲು ಚೆಲ್ಲಿರಲಿಲ್ಲ. ಊರಿನಲ್ಲಿ ಇದನ್ನು ಯಾರೂ ನಂಬುವುದಿಲ್ಲ. ಚೆಲ್ಲಿದ್ದು ಅರ್ಧ ಕ್ಯಾನು ಎಂದು ಅವಳ ತಾಯಿ ಇವತ್ತಿಗೂ ವಾದಿಸುತ್ತಾಳೆ. ಬೇಲಿ ನನ್ನ ಎದೆಮಟ್ಟ ಎಂಬುದಂತೂ ಸತ್ಯ. ನಾನು ಕುಳ್ಳ ಎಂಬುದೂ ಸತ್ಯ.

ಪೊದೆಯ ಹಿಂದೆ ಪೈಪು ಹಿಡಿದು ಬಹಳ ಹೊತ್ತು ಕೂತೇ ಇದ್ದೆ. ನಗು ಬರಲಿಲ್ಲ. ಅಷ್ಟು ಚಂದದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ.

ಅವತ್ತೇ ಸರ್ಕಾರಿ ಶಾಲೆಯ ಪಿ.ಟಿ. ಮೇಡಂ ಹತ್ತಿರ ಹೋದೆ. ತಮಿಳಿನವರು. ನಮ್ಮೂರಿಗೆ ಬಂದ ಮೇಲೆ ಕನ್ನಡ ಕಲಿತವರು.

"ಮೇಡಂ, ಒಂದು ಜಿಂಕೆ ಐತೆ. ಹಿಡ್ಕೊಳಿ."

"ಅಯ್ಯಾ, ನಿಮ್ಮ ಜೋಕು ಎಲ್ಲಾ ಆಮೇಲೆ. ನನಗೆ ಪೀರಿಯಡ್ ಇದೆ."

"ಜೋಕಲ್ಲ ತಾಯಿ. ನಮ್ಮ ಬಾಡಿಗೆಯೋರ ಮಗಳು. ಬೇಲಿ ಹಾರ್ಬುಟ್ಳು."

"ಯಾಕೆ ಹಾರಿದಳು?"

"ಆನೆ ಬಂದಿತ್ತು."

"ನಿಜ ಆನೆಯಾ, ನಿಮ್ಮ ಆನೆಯಾ?"

ಅಷ್ಟು ದೂರ ಹಬ್ಬಿತ್ತು ನನ್ನ ಕೀರ್ತಿ.

ಮೇಡಂ ಸಂಜೆ ಬಂದು ಬೇಲಿ ನೋಡಿದರು, ಮಣ್ಣಿನಲ್ಲಿ ಅವಳ ಹೆಜ್ಜೆ ಗುರುತು ನೋಡಿದರು. ಬೇಲಿಯಿಂದ ಅಷ್ಟು ಹಿಂದೆಯೇ ಕಾಲೆತ್ತಿದ್ದು ಕಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಅಡಿ ಹಾಕಿ ಎಣಿಸಿದರು. "ತಡೈ ಓಟ್ಟಂ," ಎಂದರು ತಮಗೆ ತಾವೇ. ತಮಿಳಿನಲ್ಲಿ ಹರ್ಡಲ್ಸ್ ಓಟಕ್ಕೆ ಹಾಗೆನ್ನುತ್ತಾರೆ.

ಅಲ್ಲಿಂದ ಶುರು. ಆನೆಗಳು ಕಾಡಿಗೆ ಹಿಂದಿರುಗಿದವು ಎಂದು ಕಾವಲುಗಾರರು ಹೇಳಿದ ಮೇಲೆ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಓಟ. ಶಾಲೆಯಲ್ಲಿ ನಾಲ್ಕು ಹರ್ಡಲ್ ಇದ್ದವು, ನಾಲ್ಕಕ್ಕೂ ಸೇರಿ ಐದು ಕಾಲು. ಅವುಗಳ ಮೇಲೆಯೇ ಐದು ವರ್ಷ ಓಡಿ ಜಿಲ್ಲೆಯಲ್ಲಿ ಗೆದ್ದಳು. ಕಾಲೇಜು ಸೇರಿದಾಗ ಮೇಡಂ ಮತ್ತೆ ನನ್ನ ಶಾಪಿಗೆ ಬಂದರು.

"ಅಯ್ಯಾ, ಹತ್ತು ಹರ್ಡಲ್ ಬೇಕು. ನೂರು ಮೀಟರಿಗೆ ಹತ್ತು. ದೊಡ್ಡ ಹೆಣ್ಣುಮಕ್ಕಳಿಗೆ ಎರಡು ಅಡಿ ಒಂಬತ್ತು ಇಂಚು ಎತ್ತರ. ತಗುಲಿದರೆ ಬೀಳಬೇಕು."

"ಬೀಳ್ಬೇಕಾ? ಮೇಡಂ, ನಲವತ್ತು ವರ್ಷದಿಂದ ಬೀಳ್ದಿರೋ ಸಾಮಾನು ಮಾಡ್ಕಂಡ್ ಬಂದೋನು ನಾನು."

"ಬೀಳದಿದ್ದರೆ ಹುಡುಗಿ ಮಂಡಿ ಒಡೆಯುತ್ತೆ."

ಮಾಡಿಕೊಟ್ಟೆ. ಉಳಿದ ಚೌಕ ಪೈಪುಗಳಲ್ಲಿ ಹತ್ತು ಹರ್ಡಲ್. ಸಾಗಿಸಲು ಸುಲಭವಾಗಲಿ ಎಂದು ಪ್ರತಿ ಕಾಲನ್ನೂ ಎರಡು ಭಾಗ ಮಾಡಿದ್ದೆ. ಕೆಳಗಿನದು ಅಗಲ ಪೈಪು, ಅದರೊಳಗೆ ಮೇಲಿನ ಸಣ್ಣ ಪೈಪು ಇಳಿದು ತಳದಲ್ಲಿ ಕೂರುತ್ತದೆ. ಮೇಡಂ ಟೇಪು ತೆಗೆಯಲೂ ಇಲ್ಲ. "ಅಯ್ಯಾ ಅಳತೆ ಅಂದರೆ ಅಳತೆ," ಎಂದರು. ಆ ಮಾತು ಆಮೇಲೆ ನನ್ನನ್ನು ಎಷ್ಟು ಚುಚ್ಚಿತೆಂದರೆ, ನನ್ನ ಪರವಾಗಿ ಆಡಿದ ಹೊಗಳಿಕೆಗಳಲ್ಲಿ ಮರೆಯಬೇಕು ಅನ್ನಿಸಿದ್ದು ಅದೊಂದೇ.

ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ನೋಡುವುದೆಂದರೆ ಏನು, ಬೆರಗಾಗಿ ನಿಲ್ಲುತ್ತಿದ್ದೆ. ಹರ್ಡಲ್ಲಿನ ನಡುವೆ ಮೂರೇ ಹೆಜ್ಜೆ. ಹತ್ತು ಸಲ ಓಡಿದರೂ ಕೆಂಪು ಮಣ್ಣಿನಲ್ಲಿ ಅವಳ ಪಾದ ಬೀಳುವ ಜಾಗ ಒಂದೇ. ಒಂದು ದಿನ ಅವಳು ಹೋದ ಮೇಲೆ ಟೇಪು ಹಿಡಿದು ಅಳೆದೆ. ಮೊದಲ ಓಟದ ಗುರುತಿಗೂ ಕಡೆಯ ಓಟದ ಗುರುತಿಗೂ ಒಂದು ಬೆರಳಗಲ ವ್ಯತ್ಯಾಸ. ಕೂತು, ಕಣ್ಣಿಟ್ಟು, ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿದರೂ ನನಗೆ ಆ ಅಳತೆ ಬರಲು ಹತ್ತು ವರ್ಷ ಹಿಡಿದಿತ್ತು. ಅವಳು ಓಡುತ್ತ ಕತ್ತರಿಸುತ್ತಿದ್ದಳು.

ಇಂಥದ್ದನ್ನು ಕಂಡು ಸುಮ್ಮನಿರಬೇಕಿತ್ತು. ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಇವಳನ್ನು ಒಂದು ಸಲ ಬೀಳಿಸಿ ನೋಡಬೇಕು ಎಂಬ ತುರಿಕೆ ಹತ್ತಿತು. ಪೈಪಿನ ಇಪ್ಪತ್ತು ತುಂಡು ಕತ್ತರಿಸಿದೆ, ಒಂದೊಂದೂ ಮೂರಿಂಚು. ಒಂದು ಭಾನುವಾರ ಮಧ್ಯಾಹ್ನ, ಮೈದಾನ ಖಾಲಿ ಇದ್ದಾಗ, ಪ್ರತಿ ಕಾಲಿನ ಕೆಳಪೈಪಿನೊಳಗೆ ಒಂದೊಂದು ತುಂಡು ಬಿಟ್ಟು ಮೇಲಿನ ಪೈಪನ್ನು ಅದರ ಮೇಲೆ ಕೂರಿಸಿದೆ. ಹತ್ತೂ ಹರ್ಡಲ್ ಮೂರಿಂಚು ಬೆಳೆದವು. ಹತ್ತೂ ಒಟ್ಟಿಗೇ ಬೆಳೆದದ್ದರಿಂದ ಕಣ್ಣಿಗೆ ಏನೂ ಬೇರೆ ಕಾಣಲಿಲ್ಲ.

ಸೋಮವಾರ ನಗಲು ಸಿದ್ಧನಾಗಿ ಹೋಗಿ ನಿಂತೆ. ಮೊದಲನೆಯದಕ್ಕೆ ಮಂಡಿ ತಗುಲಿಸಿಕೊಂಡಳು, ತೂರಾಡಿದಳು. ಹಿಂದೆ ಹೋಗಿ ಮಂಡಿ ತಟ್ಟಿಕೊಂಡು ಮತ್ತೆ ಬಂದಳು. ಹಾರಿದಳು. ಹತ್ತನ್ನೂ. ಗಾಳಿಯಲ್ಲಿ ಒಂದು ಗಳಿಗೆ ನಿಂತೇಬಿಟ್ಟಳೇನೋ ಅನ್ನುವ ಹಾಗೆ. ಸಂಜೆ ತುಂಡುಗಳನ್ನು ತೆಗೆಯಬೇಕೆಂದಿದ್ದೆ. ತೆಗೆಯಲಿಲ್ಲ. ಎತ್ತರ ಹಾರಿದರೆ ಒಳ್ಳೆಯದೇ ಅಲ್ಲವೇ? ಮೂರಡಿ ಹಾರುವವಳಿಗೆ ಎರಡೂ ಮುಕ್ಕಾಲು ಅಡಿ ಯಾವ ಲೆಕ್ಕ? ಬೇಲಿ ಹಾರುವುದಷ್ಟೇ ಗೊತ್ತಿದ್ದ ನನ್ನ ತಲೆ ಹಾಗೆ ಹೇಳಿತು. ಟೀ ಅಂಗಡಿಯಲ್ಲಿ ಮೀಸೆ ತಿರುವುತ್ತ, "ಅವ್ಳಿಗೆ ಗುಟ್ಟಾಗಿ ಒಬ್ಬ ಕೋಚು ಅವ್ನೆ, ನಿಮಗ್ಯಾರಿಗೂ ಗೊತ್ತಿಲ್ಲ," ಎಂದು ಹೇಳಿಕೊಂಡು ತಿರುಗಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ತುಂಡುಗಳು ಅಲ್ಲೇ ಇದ್ದವು.

ರಾಜ್ಯದ ಪಂದ್ಯದಲ್ಲಿ ಗೆದ್ದಳು. ನೆಲದ ಮೇಲಿನ ಓಟದ ಬಲದಿಂದ ಗೆದ್ದಳು ಎಂಬುದು ನಮಗೆ ಯಾರಿಗೂ ತಿಳಿಯಲಿಲ್ಲ. ಅಷ್ಟು ಎತ್ತರ ಹಾರುವುದನ್ನು ನೋಡಿ ಜನ ಚಪ್ಪಾಳೆ ಹೊಡೆದರು. ದೇಶದ ಶಿಬಿರಕ್ಕೆ ಕರೆ ಬಂತು. ಹೊರದೇಶಕ್ಕೆ ಹೋಗುವ ತಂಡದಲ್ಲಿ ಅವಳ ಹೆಸರೂ ಬಂತು. ಊರಿಗೆಲ್ಲ ನಾನೇ ಲಾಡು ಹಂಚಿದೆ, ಅದರಲ್ಲಿ ನಾಲ್ಕರೊಳಗೆ ಮೆಣಸಿನಕಾಯಿ ಇಟ್ಟಿದ್ದೆ.

ಎರಡು ತಿಂಗಳಿಗೆ ಹುಡುಗಿ ಬ್ಯಾಗು ಹೊತ್ತು ಹಿಂದೆ ಬಂದಳು. ಶಾಪಿನ ಮುಂದಿನ ನನ್ನ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು.

"ಏನವ್ವ, ಓಡಿಸ್ಬುಟ್ರಾ?"

"ಹದಿನೈದು ದಿನ ರಜ ಕೊಟ್ಟವ್ರೆ ತಾತ. ಹೋದ್ಮೇಲೆ ಓಡ್ಸಿ ನೋಡ್ತಾರಂತೆ. ಸರಿಹೋಗ್ದಿದ್ರೆ ನನ್ ಬದ್ಲು ಬೇರೆಯೋಳು ಹೋಯ್ತಾಳೆ."

"ಏನ್ ಸರಿಹೋಗ್ಬೇಕು? ನಿನ್ನಂಗೆ ಹಾರೋರು ಯಾರವ್ರೆ?"

"ಅದೇ ತಪ್ಪಂತೆ. ಹಾರ್ತೀಯ ನೀನು, ಹಾರ್ಬಾರ್ದು, ದಾಟ್ಬೇಕು ಅಂತಾರೆ ಕೋಚು. ಗಾಳೀಲಿರೋ ಹೊತ್ತಲ್ಲಿ ಓಡಕ್ಕಾಗಲ್ಲ, ಪಕ್ಕದೋಳು ಓಡ್ತಿರ್ತಾಳೆ ಅಂತಾರೆ. ಒಂದೊಂದ್ ಹರ್ಡಲ್ಗೂ ಚೂರ್ ಚೂರೇ ಹೋಯ್ತದೆ. ಹತ್ತಕ್ಕೆ ಎಷ್ಟಾಯ್ತು ನೋಡು."

ನಾನು ಬೆಸುಗೆ ಕಡ್ಡಿ ಕೆಳಗಿಟ್ಟು ಅವಳ ಹತ್ತಿರ ಬಂದೆ.

"ತಾತ, ಇನ್ನೊಂದ್ ಹೇಳ್ತೀನಿ, ಅಪ್ಪನಿಗೆ ಹೇಳ್ಬೇಡ. ಅಲ್ಲಿ ಹರ್ಡಲ್ಲೆಲ್ಲ ಗಿಡ್ಡ ಇದ್ದಂಗೆ ಕಾಣ್ತವೆ ನಂಗೆ. ನನ್ ಕಣ್ಣೇ ಸರಿಯಿಲ್ವೇನೋ ಅಂತ ಡಾಕ್ಟ್ರತ್ರ ಹೋಗಿ ತೋರ್ಸ್ಕೊಂಡ್ ಬಂದೆ. ಕಣ್ಣಲ್ಲೇನಿಲ್ಲ ಅಂದ್ರು. ಇನ್ ತಲೇಲೇ ಏನೋ ಆಗಿರ್ಬೇಕು."

ನಾನು ಬದುಕಿನಲ್ಲಿ ಎಷ್ಟೋ ಜನರನ್ನು ಮಂಗ ಮಾಡಿದ್ದೇನೆ. ಅವರೆಲ್ಲ ಬೈದರು, ಕೆಲವರು ಹೊಡೆಯಲೂ ಬಂದರು, ಆಮೇಲೆ ಎಲ್ಲರೂ ಸೇರಿ ನಕ್ಕೆವು. ತನ್ನ ಕಣ್ಣನ್ನೇ, ತಲೆಯನ್ನೇ ಅನುಮಾನಿಸುವ ಹಾಗೆ ಒಬ್ಬರನ್ನು ಮಾಡಿಟ್ಟದ್ದು ಅದೇ ಮೊದಲು. ಹೇಳದೆ ಇರಬಹುದಿತ್ತು. ಸದ್ದಿಲ್ಲದೆ ತುಂಡುಗಳನ್ನು ತೆಗೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆಗ ಅವಳು ತನ್ನ ತಲೆಯನ್ನೇ ಅನುಮಾನಿಸುತ್ತ ಹಿಂದಿರುಗಬೇಕಿತ್ತು.

"ಬಾರವ್ವ, ಮೈದಾನಕ್ಕೆ ಹೋಗೋಣ," ಎಂದೆ. ಮೇಡಂ ಅವರಿಗೂ ಹೇಳಿ ಕಳಿಸಿದೆ.

ಅವರಿಬ್ಬರ ಮುಂದೆ ಮೊದಲ ಹರ್ಡಲ್ಲಿನ ಮೇಲುಭಾಗ ಎಳೆದು ತೆಗೆದೆ, ಕೆಳಭಾಗವನ್ನು ಬೋರಲು ಹಾಕಿದೆ. ಟಣ್ ಎಂದು ಒಂದು ತುಂಡು ಬಿತ್ತು, ಹಿಂದೆಯೇ ಇನ್ನೊಂದು. ಎರಡನೆಯ ಹರ್ಡಲ್. ಟಣ್, ಟಣ್. ಹತ್ತನ್ನೂ ಮುಗಿಸಿದೆ. ಇಪ್ಪತ್ತು ತುಂಡುಗಳ ಗುಡ್ಡೆ ಮಣ್ಣಿನ ಮೇಲೆ ಬಿದ್ದಿತ್ತು.

ಮೇಡಂ ಕನ್ನಡ ಮರೆತರು. ಅವರು ತಮಿಳಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈದು ಮುಗಿದ ಮೇಲೆ, "ನಾನಾದರೂ ಒಂದು ದಿನ ಅಳೆಯಬೇಕಿತ್ತು," ಎಂದು ತಿರುಗಿ ನಿಂತು ಕಣ್ಣೊರೆಸಿಕೊಂಡರು. ನನಗೆ ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು.

ಹುಡುಗಿ ಒಂದು ತುಂಡು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಯಾವಾಗಿಂದ?"

"ನೀನ್ ಮಂಡಿ ತಗುಲಿಸ್ಕೊಂಡ್ಯಲ್ಲ, ಆ ಸೋಮವಾರದಿಂದ."

"ನನ್ ಕಣ್ಣು ಸರಿಯಾಗೈತೆ ಹಂಗಾದ್ರೆ."

"ಸರಿಯಾಗೈತೆ ಕಣವ್ವ. ನನ್ ಬುದ್ದಿನೇ ಸರಿಯಿಲ್ಲ."

ಅವಳು ತುಂಡುಗಳನ್ನೆಲ್ಲ ಲಂಗದ ಮಡಿಲಿಗೆ ತುಂಬಿಕೊಂಡು ಮನೆಗೆ ಹೋದಳು. ಎರಡು ದಿನ ನನ್ನನ್ನು ತಾತ ಎಂದು ಕರೆಯಲಿಲ್ಲ. ಹಿಂದಿನ ಮನೆಯಿಂದ ಬರುತ್ತಿದ್ದ ಸಾರಿನ ಬಟ್ಟಲೂ ಬರಲಿಲ್ಲ.

ತಗ್ಗಿಸಿದ ಹರ್ಡಲ್ ಮೇಲೆ ಓಡಿದಳು, ಆದರೂ ಮೈ ಮೇಲಕ್ಕೇ ಹೋಗುತ್ತಿತ್ತು. ಕಾಲಿಗೆ ಕಲಿಸಿದ್ದನ್ನು ಕಾಲು ಮರೆಯುವುದಿಲ್ಲ. ಮೇಡಂ, "ತಲೆ ಏಳಬಾರದು, ತಲೆ ಏಳಬಾರದು," ಎಂದು ಕೂಗುತ್ತಿದ್ದರು. ತಾನು ಎಷ್ಟು ಏಳುತ್ತೇನೆ ಎಂಬುದು ಓಡುವವಳಿಗೆ ಹೇಗೆ ತಿಳಿಯಬೇಕು? ಮೂರನೆಯ ಬೆಳಿಗ್ಗೆ ನಾನು ಆರು ಬಿದಿರು ಗಳ, ಹಗ್ಗ ಮತ್ತು ದನದ ಕೊರಳಿನ ಮೂರು ಗಂಟೆ ಹೊತ್ತುಕೊಂಡು ಮೈದಾನಕ್ಕೆ ಹೋದೆ. ಮೂರು ಹರ್ಡಲ್ಲುಗಳ ಎರಡೂ ಪಕ್ಕ ಗಳ ನೆಟ್ಟು, ಮೇಲೆ ಅಡ್ಡ ಹಗ್ಗ ಕಟ್ಟಿ, ನಡುವೆ ಗಂಟೆ ತೂಗಿಬಿಟ್ಟೆ. ಅವಳು ಓಡುವಾಗಿನ ತಲೆಗಿಂತ ನಾಲ್ಕು ಬೆರಳು ಮೇಲೆ. ಈ ಸಲ ಟೇಪನ್ನು ಮೇಡಂ ಕೈಗೇ ಕೊಟ್ಟು ಅಳೆಸಿದೆ. ಅವರು ಎರಡೆರಡು ಸಲ ಅಳೆದರು.

"ತಲೆಗೆ ಗಂಟೆ ತಗುಲ್ದ್ರೆ ನೀನು ಹಾರ್ದಂಗೆ. ತಗುಲ್ದಿದ್ರೆ ದಾಟ್ದಂಗೆ," ಎಂದೆ.

ಅವಳು ನನ್ನ ಮುಖ ನೋಡದೆ ಗಂಟೆಯ ಮುಖ ನೋಡಿದಳು. "ಇದ್ರಲ್ಲೇನ್ ಇಟ್ಟವ್ನೆ ನೋಡಿ ಮೇಡಂ," ಎಂದಳು.

ಮೇಡಂ ಮೂರೂ ಗಂಟೆಯೊಳಗೆ ಬೆರಳು ಹಾಕಿ ತಡಕಿದರು. ನನಗೆ ಆಗಬೇಕಾದದ್ದೇ.

ಮೊದಲ ದಿನ ಢಣ್, ಢಣ್, ಢಣ್. ದನ ನುಗ್ಗಿದವೆಂದು ಆ ಕಡೆ ತೋಟದವರು ಎದ್ದು ನೋಡಿದರು. ಹಣೆಯ ಮೇಲೆ ಗಂಟೆಯ ಅಚ್ಚು ಮೂಡಿತು. ಅವಳು ನೂರು ಸಲ ಓಡಿದಳೋ ನೂರಿಪ್ಪತ್ತೋ, ನಾನು ಎಣಿಸುವುದನ್ನು ಬಿಟ್ಟೆ. ಒಂದು ಸಲ ನಿಂತು ನನ್ನ ಕಡೆ ತಿರುಗಿ, "ತಾತ, ನೀರು," ಎಂದಳು. ನೀರು ಕೊಟ್ಟೆ. ತಾತ ಎಂದದ್ದು ಅವಳಿಗೂ ಗೊತ್ತಾಗಲಿಲ್ಲ, ನಾನೂ ಗೊತ್ತುಮಾಡಲಿಲ್ಲ.

ದಿನ ಕಳೆದ ಹಾಗೆ ಗಂಟೆಯ ಸದ್ದು ಸಣ್ಣದಾಯಿತು. ಹನ್ನೊಂದನೆಯ ದಿನವೋ ಏನೋ, ಅವಳು ಆ ತುದಿಯಿಂದ ಹೊರಟಳು. ಕಾಲು ಮುಂದೆ ಚಾಚಿತು, ಮೈ ಅದರ ಮೇಲೆ ಬಾಗಿತು, ತಲೆ ಮಾತ್ರ ನೀರಿನ ಮೇಲೆ ತೇಲುವ ಸೋರೆಬುರುಡೆಯ ಹಾಗೆ ಒಂದೇ ಮಟ್ಟದಲ್ಲಿ ಬಂತು. ಒಂದು. ಎರಡು. ಮೂರು. ಗಂಟೆಗಳು ಅಲುಗಲಿಲ್ಲ. ಅವಳ ಕಾಲಿನ ಸದ್ದಷ್ಟೇ. ಅವಳು ಹಾರಿದ್ದನ್ನು ನೋಡಿ ಬೆರಗಾಗಿದ್ದ ನಾನು, ಹಾರದೆ ಹೋದದ್ದನ್ನು ನೋಡಿ ಉಸಿರಾಡುವುದನ್ನೇ ಮರೆತೆ. ಹರ್ಡಲ್ ಅಲ್ಲಿ ಇತ್ತೆಂಬುದೇ ಅವಳ ಮೈಗೆ ತಿಳಿದಂತಿರಲಿಲ್ಲ.

ಅವಳು ಹೊರಡುವ ದಿನ ನಾನು ಶಾಪಿನಲ್ಲಿರಲಿಲ್ಲ. ಗುಮ್ಮಳಾಪುರಕ್ಕೆ ಗೇಟು ಕೂರಿಸಲು ಹೋಗಿದ್ದೆ. ಬರುವಷ್ಟರಲ್ಲಿ ಹುಡುಗಿ ಬಸ್ಸು ಹತ್ತಿ ಹೋಗಿದ್ದಳು. ಹೇಳದೆ ಹೋದಳಲ್ಲ ಎಂದು ಮನಸ್ಸು ಹಿಂಡಿತು. ಸುಸ್ತಾಗಿ ನನ್ನ ಸ್ಟೂಲಿನ ಮೇಲೆ ಕೂತೆ. ಏನೋ ಸರಿಯಿಲ್ಲ. ಕಾಲು ನೆಲಕ್ಕೆ ಎಟುಕುತ್ತಿಲ್ಲ. ಉಯ್ಯಾಲೆಯ ಮೇಲಿನ ಮಗುವಿನ ಹಾಗೆ ಎರಡೂ ಕಾಲು ಗಾಳಿಯಲ್ಲಿ ಜೋತಾಡುತ್ತಿವೆ. ಎದುರಿನ ಟೀ ಅಂಗಡಿಯವನು, ಚಮಚಗಳ ಸಿಟ್ಟು ಇನ್ನೂ ಆರಿರದವನು, ಬೆಂಚು ಹಿಡಿದುಕೊಂಡು ನಗುತ್ತಿದ್ದ. ಬಗ್ಗಿ ನೋಡಿದೆ. ಸ್ಟೂಲಿನ ನಾಲ್ಕು ಕಾಲಿಗೂ ನಾಲ್ಕು ಪೈಪಿನ ತುಂಡು, ನನ್ನ ಇಪ್ಪತ್ತರಲ್ಲಿ ನಾಲ್ಕು, ಬೆಸೆದಿದ್ದರು. ಬೆಸುಗೆ ಅವಳಪ್ಪನದು. ಕೆಟ್ಟ ಬೆಸುಗೆ, ಲೇತಿನವನು ಅಷ್ಟೇ ಮಾಡಬಲ್ಲ. ಅವನು ಹಿಂದಿನ ಮನೆಯಿಂದ ಇಣುಕಿ ಹೇಳಿದ:

"ನಾನಲ್ಲ ಯಜಮಾನ್ರೇ. ಮಗಳು ಹೇಳಿದ್ಳು, ಮಾಡ್ದೆ. ತಾತಂಗೆ ಮೂರಿಂಚು ಎತ್ತರ ಆದ್ರೆ ಒಳ್ಳೇದೇ ಅಲ್ವಾ ಅಂದ್ಳು."

ಅವತ್ತು ಸಾರಿನ ಬಟ್ಟಲೂ ಬಂತು.

ಶಿಬಿರದಲ್ಲಿ ಅವಳನ್ನು ಓಡಿಸಿ ನೋಡಿದರು, ತಂಡದಲ್ಲಿ ಉಳಿಸಿಕೊಂಡರು. ಹೊರದೇಶದ ಓಟ ನಮಗೆ ಮಧ್ಯಾಹ್ನದ ಹೊತ್ತು. ಮೇಡಂ ತಮ್ಮ ಫೋನನ್ನು ಕಬ್ಬಿಣ ಕಚ್ಚಿ ಹಿಡಿಯುವ ನನ್ನ ವೈಸಿಗೆ ಸಿಕ್ಕಿಸಿ ನಿಲ್ಲಿಸಿದರು. ಅವಳ ಅಪ್ಪ, ಅವ್ವ, ಟೀ ಅಂಗಡಿಯವನು, ಎಲ್ಲರೂ ಮುತ್ತಿಕೊಂಡರು. ನಾನು ಎತ್ತರದ ಸ್ಟೂಲಿನ ಮೇಲೆ, ಕಾಲು ಜೋತುಬಿಟ್ಟು. ಎಂಟು ಜನ ಹುಡುಗಿಯರು ಸಾಲಾಗಿ ಬಗ್ಗಿದರು. ನಮ್ಮವಳು ಅಂಚಿನಿಂದ ಎರಡನೆಯವಳು. ಉಳಿದವರು ನಮ್ಮವಳಿಗಿಂತ ಒಂದು ಗೇಣು ಎತ್ತರ.

ಗುಂಡು ಹಾರಿತು. ಮೊದಲ ಹರ್ಡಲ್. ನನ್ನ ಕಿವಿ ಗಂಟೆಯ ಸದ್ದಿಗೆ ಕಾಯುತ್ತಿತ್ತು. ಎರಡು, ಮೂರು, ನಾಲ್ಕು. ಎಂಟು ತಲೆಗಳು ಒಂದೇ ಮಟ್ಟದಲ್ಲಿ ಬರುತ್ತಿದ್ದವು, ನಮ್ಮವಳ ತಲೆಯೂ ಆ ಮಟ್ಟದಲ್ಲೇ. ಏಳನೆಯದರಲ್ಲಿ ಹಿಂದಿನ ಕಾಲಿನ ಮಂಡಿ ಹರ್ಡಲ್ಲಿನ ಅಡ್ಡಪಟ್ಟಿಗೆ ತಗುಲಿತು. ಹರ್ಡಲ್ ಓಲಾಡಿ ಬಿತ್ತು.

ಶಾಪಿನಲ್ಲಿ ಎಲ್ಲರೂ "ಅಯ್ಯೋ" ಎಂದರು. ಅವಳವ್ವ ತಲೆಯ ಮೇಲೆ ಕೈ ಹೊತ್ತಳು. ನಾನು ಸ್ಟೂಲಿನಿಂದ ನೆಲಕ್ಕೆ ಧುಮುಕಿ ಚಪ್ಪಾಳೆ ಹೊಡೆದೆ.

"ಏ ಮುದ್ಕಾ, ಬುದ್ದಿ ಐತಾ? ಹುಡ್ಗಿ ಬೀಳಂಗವ್ಳೆ, ಕುಣೀತೀಯಲ್ಲ," ಎಂದ ಟೀ ಅಂಗಡಿಯವನು.

"ತಗುಲ್ತು ಕಣ್ಲಾ! ಹಾರೋಳಿಗೆ ತಗುಲಲ್ಲ ಕಣ್ಲಾ, ದಾಟೋಳಿಗೇ ತಗುಲೋದು!"

ಮೇಡಂ ಒಬ್ಬರೇ ನನ್ನ ಕಡೆ ನೋಡಿ ತಲೆಯಾಡಿಸಿದರು. ಅವಳು ಬೀಳಲಿಲ್ಲ. ಮೂರು ಹೆಜ್ಜೆ, ಎಂಟನೆಯದು. ಮೂರು ಹೆಜ್ಜೆ, ಒಂಬತ್ತು. ಐದನೆಯವಳಾಗಿ ಮುಟ್ಟಿದಳು. ಅಲ್ಲಿಯವರೆಗಿನ ಅವಳ ಓಟಗಳಲ್ಲೆಲ್ಲ ಅದೇ ಬೇಗದ್ದು. ಆಮೇಲೆ ಎಷ್ಟೋ ದೇಶಗಳಲ್ಲಿ ಓಡಿದಳು, ಮೂರನೆಯವಳಾದಳು, ಎರಡನೆಯವಳಾದಳು, ಕೊರಳಿಗೆ ಪದಕ ಹಾಕಿಸಿಕೊಂಡಳು. ನನಗೆ ಮಾತ್ರ ಆ ಐದನೆಯ ಸ್ಥಾನದ ಮುಂದೆ ಅವೆಲ್ಲ ಸಣ್ಣವು.

ಸಂಜೆ ಫೋನು ಬಂತು.

"ತಾತ, ನೋಡ್ದಾ? ಏಳ್ನೇದು ಬೀಳಿಸ್ಬುಟ್ಟೆ."

"ನೋಡ್ದೆ ಕಣವ್ವ. ಮಂಡಿ ನೋಯ್ತೈತಾ?"

"ನೋಯ್ತೈತೆ. ಬೀಳ್ದಿರೋ ಹರ್ಡಲ್ ಆಗಿದ್ರೆ ಒಡ್ದೇ ಹೋಗ್ತಿತ್ತು." ಆಮೇಲೆ ಅವಳೇ ಕೇಳಿದಳು. "ಓಟ ಶುರುವಾಗಕ್ ಮುಂಚೆ ನಾನೊಂದ್ ಕೆಲ್ಸ ಮಾಡ್ದೆ ತಾತ. ಏನ್ ಹೇಳು?"

"ದೇವರಿಗೆ ಕೈಮುಗ್ದೆ."

"ಅಲ್ಲ. ಬ್ಯಾಗಲ್ಲಿ ನಿನ್ ತುಂಡು ಒಂದೈತೆ. ಅದನ್ನ ತಗೊಂಡೋಗಿ ಅದ್ರಲ್ಲೇ ಅವರ ಹರ್ಡಲ್ ಎತ್ತರ ಅಳ್ದು ನೋಡ್ದೆ, ಸರಿಯಾಗಿ ಹನ್ನೊಂದ್ ತುಂಡು. ಯಾರೂ ಒಳಗೇನೂ ಇಟ್ಟಿರ್ಲಿಲ್ಲ."

ನಾನು ಫೋನು ಕಿವಿಗೊತ್ತಿಕೊಂಡು ನಕ್ಕೆ. ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದೆ.